ಹೊಲ ನಿವೇಶನವಾದಾಗ ಹೆಚ್ಚಿದ ಬೆಲೆ ಯಾರದು?

ಬಳ್ಳಾರಿಯಿಂದ ಮೋಕಕ್ಕೆ ಹೋಗುವ ರಸ್ತೆಯಲ್ಲಿ ಊರು ಮುಗಿಯಿತು ಎನ್ನಬಹುದಾದ ಜಾಗ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತಿದೆ. ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದ ಎರೆ ಹೊಲದಲ್ಲಿ ಈಗ ಬಿಳಿ ಸುಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ರಸ್ತೆಯ ಬದಿಯಲ್ಲಿ ಕಮಾನು, ಕಮಾನಿನ ಮೇಲೆ ಇಂಗ್ಲೆಂಡಿನ ಯಾವುದೋ ಊರನ್ನು ನೆನಪಿಸುವ ಹೆಸರು, ಅದರ ಕೆಳಗೆ ‘ಗಾರ್ಡನ್ ಸಿಟಿ’ ಎಂಬ ಎರಡು ಪದಗಳು. ಒಳಗೆ ಹೋದರೆ ಉದ್ಯಾನವೂ ಇಲ್ಲ, ನಗರವೂ ಇಲ್ಲ. ಜಾಲಿಯ ಪೊದೆ, ಅರ್ಧ ಹಾಸಿದ ಜಲ್ಲಿ, ದೀಪವಿಲ್ಲದ ಕಂಬಗಳು ಮಾತ್ರ. ರಾಜ್ಯದ ಯಾವ ಜಿಲ್ಲಾ ಕೇಂದ್ರದ ಹೊರವಲಯಕ್ಕೆ ಹೋದರೂ ಇದೇ ದೃಶ್ಯ ಕಾಣುತ್ತದೆ. ಆದ್ದರಿಂದ ಇದು ಒಂದು ಊರಿನ ಕಥೆಯಲ್ಲ.

ಈ ‘ಗಾರ್ಡನ್ ಸಿಟಿ’ ಎಂಬ ಮಾತಿಗೆ ಒಂದು ನಿರ್ದಿಷ್ಟ ಅರ್ಥವನ್ನು ಕೊಟ್ಟ ವ್ಯಕ್ತಿಯೊಬ್ಬನಿದ್ದ. ಆತ ವಾಸ್ತುಶಿಲ್ಪಿಯಲ್ಲ, ಎಂಜಿನಿಯರ್ ಅಲ್ಲ, ಅರ್ಥಶಾಸ್ತ್ರದ ಪಂಡಿತನೂ ಅಲ್ಲ. ಬೇರೆಯವರ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಹೊಟ್ಟೆ ಹೊರೆದ ಸಾಮಾನ್ಯ ಗುಮಾಸ್ತ. ಎಬೆನೆಜರ್ ಹೊವಾರ್ಡ್ ಎಂಬ ಆ ಮನುಷ್ಯ ತೀರಿಕೊಂಡು ಶತಮಾನವೇ ಸಮೀಪಿಸುತ್ತಿದೆ. ಆತನ ಪದಗಳನ್ನು ನಾವು ಎತ್ತಿಕೊಂಡೆವು, ಆತನ ಲೆಕ್ಕವನ್ನು ಅಲ್ಲೇ ಬಿಟ್ಟೆವು. ಆ ಲೆಕ್ಕವನ್ನು ನೆನಪಿಸುವುದಕ್ಕಾಗಿಯೇ ಈ ಬರಹ.

ಹೊವಾರ್ಡ್ ಹುಟ್ಟಿದ್ದು 1850ರ ಜನವರಿ 29ರಂದು, ಲಂಡನ್ ನಗರದ ಕಿಕ್ಕಿರಿದ ವ್ಯಾಪಾರದ ಬೀದಿಯೊಂದರಲ್ಲಿ. ತಂದೆಗೆ ಬೇಕರಿ, ಮಿಠಾಯಿಯ ಅಂಗಡಿಗಳಿದ್ದವು. ಮಗನ ಶಾಲೆ ಹದಿನೈದನೆಯ ವಯಸ್ಸಿಗೇ ಮುಗಿಯಿತು. ಕಚೇರಿಗಳಲ್ಲಿ ಗುಮಾಸ್ತಗಿರಿ ಮಾಡುತ್ತಲೇ ಪಿಟ್‌ಮನ್ ಪದ್ಧತಿಯ ಶೀಘ್ರಲಿಪಿಯನ್ನು ತಾನೇ ಕಲಿತುಕೊಂಡ. ಇಪ್ಪತ್ತೊಂದು ತುಂಬಿದಾಗ, 1871ರಲ್ಲಿ, ಇಬ್ಬರು ಗೆಳೆಯರೊಂದಿಗೆ ಅಮೆರಿಕಕ್ಕೆ ಹಡಗು ಹತ್ತಿದ. ಅಲ್ಲಿ ಸರ್ಕಾರ ಹೊಸಬರಿಗೆ ಸಾಗುವಳಿಗೆಂದು ಭೂಮಿ ಕೊಡುತ್ತಿತ್ತು. ನೆಬ್ರಾಸ್ಕ ರಾಜ್ಯದಲ್ಲಿ 160 ಎಕರೆ ಸಿಕ್ಕಿತು. ಆದರೆ ಲಂಡನ್ನಿನ ಅಂಗಡಿಬೀದಿಯಲ್ಲಿ ಬೆಳೆದ ಹುಡುಗನಿಗೆ ಒಕ್ಕಲುತನ ಒಲಿಯಲಿಲ್ಲ. ಒಂದೇ ಚಳಿಗಾಲ ಆತನನ್ನು ಅಲ್ಲಿಂದ ಎಬ್ಬಿಸಿ ಷಿಕಾಗೋಗೆ ಕಳಿಸಿತು.

ಈ ಸೋಲನ್ನು ಆತನ ಜೀವನಚರಿತ್ರೆ ಬರೆದವರು ಸಣ್ಣ ಸಂಗತಿ ಎಂಬಂತೆ ದಾಟಿಬಿಡುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಬರಿಯ ಭೂಮಿ ಕೈಗೆ ಬಂದ ಮಾತ್ರಕ್ಕೆ ಮನುಷ್ಯ ಬದುಕಲಾರ; ನೆರೆಹೊರೆ, ಮಾರುಕಟ್ಟೆ, ಶಾಲೆ, ವೈದ್ಯ ಇವೆಲ್ಲ ಕೈಗೆಟುಕುವ ದೂರದಲ್ಲಿರಬೇಕು ಎಂಬುದನ್ನು ಆತ ಪುಸ್ತಕದಿಂದಲ್ಲ, ಆ ಬಯಲಿನಲ್ಲಿ ಒಂಟಿಯಾಗಿ ನಿಂತು ಕಲಿತ. ಷಿಕಾಗೋ ಅದರ ಇನ್ನೊಂದು ಮುಖವನ್ನು ತೋರಿಸಿತು. 1871ರ ಅಕ್ಟೋಬರ್‌ನ ಮಹಾ ಅಗ್ನಿ ಅನಾಹುತದಲ್ಲಿ ಸುಟ್ಟುಹೋಗಿದ್ದ ಆ ನಗರ ಮತ್ತೆ ಏಳುತ್ತಿದ್ದ ಕಾಲವದು. ನ್ಯಾಯಾಲಯಗಳಲ್ಲಿ ಶೀಘ್ರಲಿಪಿಕಾರನಾಗಿ ನಾಲ್ಕು ವರ್ಷ ದುಡಿದ ಹೊವಾರ್ಡ್ ಕಣ್ಣೆದುರಿಗೇ ನಗರವೊಂದು ಬೆಳೆಯುವುದನ್ನು ಕಂಡ. ಬೆಂಕಿಗೆ ಮುನ್ನ ಆ ಊರಿಗೆ ‘ಗಾರ್ಡನ್ ಸಿಟಿ’ ಎಂಬ ಅಡ್ಡಹೆಸರಿತ್ತು.

1876ರಲ್ಲಿ ಲಂಡನ್ನಿಗೆ ಮರಳಿದ ಮೇಲೆ ಸಂಸತ್ತಿನ ಕಲಾಪಗಳನ್ನು ದಾಖಲಿಸುವ ಸಂಸ್ಥೆಯಲ್ಲಿ ಕೆಲಸ ದೊರೆಯಿತು. ಸಮಿತಿಗಳ ಮುಂದೆ ಸಾಕ್ಷಿಗಳು ಹೇಳಿದ್ದನ್ನು, ಸದಸ್ಯರು ಕೇಳಿದ್ದನ್ನು ಬರೆದುಕೊಳ್ಳುವುದೇ ಆತನ ವೃತ್ತಿಯಾಯಿತು; ಆ ಕಸುಬನ್ನು ಆತ ಮುಂದೆಯೂ ಬಿಡಲಿಲ್ಲ. ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನಮ್ಮಂಥವರಿಗೆ ಈ ಕೆಲಸದ ಗುಣ ಅರ್ಥವಾಗುತ್ತದೆ. ವಸತಿ ಸಮಸ್ಯೆ, ಕೃಷಿಯ ಕುಸಿತ, ಬಡತನ, ಕಾರ್ಮಿಕರ ಅಶಾಂತಿ ಎಲ್ಲವೂ ಆ ಮೇಜಿನ ಮೇಲೆ ಬರುತ್ತಿದ್ದವು. ಎಲ್ಲ ಪಕ್ಷದವರೂ ರೋಗವನ್ನು ಒಪ್ಪುತ್ತಿದ್ದರು, ಔಷಧದಲ್ಲಿ ಮಾತ್ರ ಜಗಳ. ಹಳ್ಳಿಗಳು ಬರಿದಾಗುತ್ತಿದ್ದವು, ನಗರಗಳು ಉಸಿರು ಕಟ್ಟುತ್ತಿದ್ದವು. ಮೌನವಾಗಿ ಕುಳಿತು ಬರೆದುಕೊಳ್ಳುತ್ತಿದ್ದ ಗುಮಾಸ್ತ ಅದೆಲ್ಲವನ್ನೂ ಮನಸ್ಸಿನಲ್ಲಿ ಕೂಡಿಡುತ್ತಿದ್ದ.

1879ರಲ್ಲಿ ಎಲಿಜಬೆತ್ ಆನ್ ಬಿಲ್ಸ್ ಎಂಬಾಕೆಯೊಂದಿಗೆ ವಿವಾಹವಾಯಿತು. ನಾಲ್ವರು ಮಕ್ಕಳು, ಬಾಡಿಗೆ ಮನೆ, ಕಡಿಮೆ ವರಮಾನ. ಉಳಿದ ಪುಡಿಗಾಸೂ ಯಂತ್ರಗಳ ಪ್ರಯೋಗಕ್ಕೆ ಹೋಗುತ್ತಿತ್ತು. ಬೆರಳಚ್ಚು ಯಂತ್ರವನ್ನು ಸುಧಾರಿಸುವ, ಶೀಘ್ರಲಿಪಿಗೆಂದೇ ಒಂದು ಯಂತ್ರವನ್ನು ನಿರ್ಮಿಸುವ ಹಂಬಲ ಆತನನ್ನು ಕೊನೆಯ ದಿನಗಳವರೆಗೂ ಬಿಡಲಿಲ್ಲ. ಅದರಿಂದ ಹಣವಂತೂ ಬರಲಿಲ್ಲ. ನಗರವೆಂಬುದೂ ಬಿಡಿಭಾಗಗಳನ್ನು ಸರಿಯಾಗಿ ಜೋಡಿಸಿದರೆ ನಡೆಯಬಲ್ಲ ಯಂತ್ರವೇ ಎಂಬ ನಂಬಿಕೆಯ ಮೂಲ ಬಹುಶಃ ಈ ಹವ್ಯಾಸದಲ್ಲೇ ಇದೆ.

ಆ ದಿನಗಳಲ್ಲಿ ಲಂಡನ್ನಿನ ಸುಧಾರಕರ ಗುಂಪುಗಳಲ್ಲಿ ಅಮೆರಿಕದ ಹೆನ್ರಿ ಜಾರ್ಜ್‌ನ ವಿಚಾರಗಳು ಬಿಸಿಬಿಸಿ ಚರ್ಚೆಯಲ್ಲಿದ್ದವು. ಭೂಮಿಯ ಬೆಲೆ ಏರುವುದು ಮಾಲೀಕನ ಬೆವರಿನಿಂದಲ್ಲ, ಸುತ್ತಲಿನ ಸಮಾಜದ ಬೆಳವಣಿಗೆಯಿಂದ. ಆದ್ದರಿಂದ ಆ ಏರಿಕೆಯ ಮೇಲೆ ಸಮಾಜಕ್ಕೆ ಹಕ್ಕಿದೆ ಎಂಬುದು ಜಾರ್ಜ್‌ನ ವಾದದ ತಿರುಳು. ಇದರ ಜೊತೆಗೆ 1888ರಲ್ಲಿ ಎಡ್ವರ್ಡ್ ಬೆಲಮಿಯ ಭವಿಷ್ಯಲೋಕದ ಕಾದಂಬರಿಯನ್ನು ಓದಿ ಹೊವಾರ್ಡ್ ರೋಮಾಂಚನಗೊಂಡ, ಅದು ಇಂಗ್ಲೆಂಡಿನಲ್ಲಿ ಪ್ರಕಟವಾಗುವುದಕ್ಕೂ ನೆರವಾದ. ಆದರೆ ಬೆಲಮಿಯಂತೆ ಎಲ್ಲವನ್ನೂ ಸರ್ಕಾರದ ಕೈಗೊಪ್ಪಿಸುವುದು ಆತನಿಗೆ ಹಿಡಿಸಲಿಲ್ಲ. ಜಾರ್ಜ್‌ನಂತೆ ಇಡೀ ದೇಶದ ಭೂಮಿಗೆ ತೆರಿಗೆ ಹಾಕುವ ದಿನದವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಯಾರ ಜೇಬಿಗೂ ಕೈ ಹಾಕದೆ, ಯಾವ ಕಾನೂನನ್ನೂ ಬದಲಿಸದೆ, ಇಂದೇ ಆರಂಭಿಸಬಹುದಾದ ದಾರಿ ಆತನಿಗೆ ಬೇಕಿತ್ತು.

ಆ ದಾರಿಯನ್ನು ವಿವರಿಸುವ ಪುಸ್ತಕ 1898ರ ಅಕ್ಟೋಬರ್‌ನಲ್ಲಿ ಹೊರಬಂತು. ಪ್ರಕಾಶಕರು ಹಿಂಜರಿದಿದ್ದರಿಂದ ಅಮೆರಿಕದ ಗೆಳೆಯನೊಬ್ಬನಿಂದ 50 ಪೌಂಡ್ ಪಡೆದು ಅಚ್ಚು ಹಾಕಿಸಬೇಕಾಯಿತು. ಕಾಕತಾಳೀಯವೆಂದರೆ, ಅದೇ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತ್ತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಬೇಕೆಂಬ ಅರಿವು ತೀವ್ರವಾಗಿ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ವೇಗವಾಗಿ ಬೆಳೆದದ್ದು ಆ ನಂತರವೇ. ಅಲ್ಲಿ ಗುಮಾಸ್ತನ ಕನಸು, ಇಲ್ಲಿ ಮಹಾಮಾರಿಯ ಭೀತಿ. ಎರಡರ ಮುಂದೆಯೂ ಇದ್ದದ್ದು ಮನುಷ್ಯರು ಗಾಳಿ ಬೆಳಕಿನಲ್ಲಿ ಬದುಕುವುದು ಹೇಗೆ ಎಂಬ ಒಂದೇ ಪ್ರಶ್ನೆ.

ಹೊವಾರ್ಡ್‌ನ ಯೋಜನೆಯನ್ನು ಸರಳವಾಗಿ ಹೀಗೆ ಹೇಳಬಹುದು. ಕೃಷಿ ಭೂಮಿಯ ಬೆಲೆಗೆ 6,000 ಎಕರೆ ಕೊಳ್ಳಬೇಕು. ಎಕರೆಗೆ 40 ಪೌಂಡಿನಂತೆ ಒಟ್ಟು 2,40,000 ಪೌಂಡ್. ಈ ಹಣವನ್ನು ಶೇಕಡ 4ರ ಬಡ್ಡಿಗೆ ಸಾಲವಾಗಿ ಎತ್ತಬೇಕು. ನಡುವಿನ 1,000 ಎಕರೆಯಲ್ಲಿ ಊರು, ಸುತ್ತಲಿನ 5,000 ಎಕರೆಯಲ್ಲಿ ಹೊಲ, ತೋಟ, ಹಸುಗಾವಲು. ಒಟ್ಟು ಜನಸಂಖ್ಯೆ 32,000. ಅದಕ್ಕಿಂತ ಹೆಚ್ಚಾದರೆ ಊರನ್ನು ಹಿಗ್ಗಿಸುವಂತಿಲ್ಲ, ಹೊಲಗಳನ್ನು ದಾಟಿ ಮತ್ತೊಂದು ಊರನ್ನು ಕಟ್ಟಬೇಕು. ಭೂಮಿಯನ್ನು ಯಾರಿಗೂ ಮಾರುವಂತಿಲ್ಲ. ಅದು ಸದಾ ಸಮುದಾಯದ ಪರವಾಗಿ ಧರ್ಮದರ್ಶಿಗಳ ಕೈಯಲ್ಲಿರುತ್ತದೆ. ನಿವಾಸಿ, ಅಂಗಡಿಯವ, ಕಾರ್ಖಾನೆಯವ ಎಲ್ಲರೂ ನೆಲಬಾಡಿಗೆ ಕೊಡುತ್ತಾರೆ. ಊರು ಬೆಳೆದಂತೆ ನೆಲದ ಬೆಲೆ ಏರುತ್ತದೆ, ಬಾಡಿಗೆಯೂ ಏರುತ್ತದೆ. ಆ ಬಾಡಿಗೆಯಿಂದ ಮೊದಲು ಬಡ್ಡಿ, ಆಮೇಲೆ ಅಸಲು, ಉಳಿದದ್ದು ರಸ್ತೆ, ಶಾಲೆ, ಆಸ್ಪತ್ರೆ, ಮುಪ್ಪಿನವರ ಪಿಂಚಣಿ. ಸಾಲ ತೀರಿದ ಮೇಲೆ ಎಲ್ಲವೂ ಊರಿಗೇ.

ಗಮನಿಸಬೇಕಾದದ್ದು ಇಷ್ಟು. ಉದ್ಯಾನ, ಸಾಲುಮರ, ಅಗಲವಾದ ಬೀದಿ ಇವು ಈ ಯೋಜನೆಯ ಅಲಂಕಾರ ಮಾತ್ರ. ಹೊಲದ ಬೆಲೆಗೂ ನಿವೇಶನದ ಬೆಲೆಗೂ ನಡುವೆ ಇರುವ ಅಂತರ ಯಾರಿಗೆ ಸೇರಬೇಕು ಎಂಬುದಕ್ಕೆ ಕೊಟ್ಟ ಉತ್ತರವೇ ಅದರ ಅಡಿಪಾಯ.

ಪುಸ್ತಕ ಬರೆದವರು ಬಹಳ, ಊರು ಕಟ್ಟಿದವರು ವಿರಳ. ಹೊವಾರ್ಡ್ ಎರಡು ಊರು ಕಟ್ಟಿದ. 1899ರಲ್ಲಿ ಬೆರಳೆಣಿಕೆಯ ಮಂದಿಯಿಂದ ಒಂದು ಸಂಘ ಆರಂಭವಾಯಿತು. ಆತ ಊರೂರು ಸುತ್ತಿ ಉಪನ್ಯಾಸ ಮಾಡಿದ. ವೇಷಭೂಷಣದಲ್ಲಿ ಆಕರ್ಷಣೆಯಿರಲಿಲ್ಲ, ಆದರೆ ಧ್ವನಿಯಲ್ಲಿ ಪ್ರಾಮಾಣಿಕತೆಯಿತ್ತು. ಬರ್ನಾರ್ಡ್ ಷಾ ಆತನನ್ನು ಗೇಲಿ ಮಾಡುತ್ತಲೇ ಹಣ ತೊಡಗಿಸಿದ. ತಮ್ಮ ಕಾರ್ಮಿಕರಿಗಾಗಿ ಮಾದರಿ ಹಳ್ಳಿಗಳನ್ನು ಕಟ್ಟಿದ್ದ ಕ್ಯಾಡ್ಬರಿ, ಲೀವರ್ ಮೊದಲಾದ ಉದ್ಯಮಿಗಳು ಬೆಂಬಲಕ್ಕೆ ಬಂದರು. 1902ರಲ್ಲಿ ಪುಸ್ತಕ ಹೊಸ ಹೆಸರಿನಲ್ಲಿ ಮರುಮುದ್ರಣಗೊಂಡಿತು. 1903ರ ಸೆಪ್ಟೆಂಬರ್‌ನಲ್ಲಿ 3 ಲಕ್ಷ ಪೌಂಡಿನ ಅಧಿಕೃತ ಬಂಡವಾಳದ ಕಂಪನಿಯೊಂದು ನೋಂದಣಿಯಾಯಿತು. ಷೇರುದಾರರಿಗೆ ಲಾಭಾಂಶ ಶೇಕಡ 5ನ್ನು ಮೀರುವಂತಿಲ್ಲ, ಮಿಕ್ಕಿದ್ದು ಊರಿಗೆ ಎಂಬುದು ಅದರ ನಿಯಮ. ನಮ್ಮ ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾದದ್ದೂ ಅದೇ 1903ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಲಂಡನ್ನಿನ ಉತ್ತರಕ್ಕೆ ಸುಮಾರು 35 ಮೈಲಿ ದೂರದ ಲೆಚ್‌ವರ್ತ್ ಎಂಬಲ್ಲಿ 3,818 ಎಕರೆ ಭೂಮಿಯನ್ನು ಗುಟ್ಟಾಗಿ ಖರೀದಿಸಲಾಯಿತು. ಸುದ್ದಿ ಹೊರಬಿದ್ದರೆ ಬೆಲೆ ಏರುತ್ತದೆಂಬ ಅಂಜಿಕೆ ಅಲ್ಲಿಯೂ ಇತ್ತು. 1903ರ ಅಕ್ಟೋಬರ್ 9ರಂದು ಸುರಿಯುವ ಮಳೆಯಲ್ಲಿ ಉದ್ಘಾಟನೆ ನಡೆಯಿತು. ಬ್ಯಾರಿ ಪಾರ್ಕರ್ ಮತ್ತು ರೇಮಂಡ್ ಅನ್ವಿನ್ ನಕ್ಷೆ ರಚಿಸಿದರು. 1905ರಲ್ಲಿ 150 ಪೌಂಡಿನೊಳಗೆ ಕಟ್ಟಬಹುದಾದ ಮನೆಗಳ ಪ್ರದರ್ಶನ ನಡೆದು, ಜನ ರೈಲುಗಳಲ್ಲಿ ತುಂಬಿ ಬಂದರು. ಮುದ್ರಣಾಲಯ, ಒಳಉಡುಪಿನ ಕಾರ್ಖಾನೆ ಬಂದವು. ಈ ಸಂಭ್ರಮವನ್ನು ನೋಡಲು ಎಲಿಜಬೆತ್ ಉಳಿಯಲಿಲ್ಲ. ಗಂಡನ ಹುಚ್ಚು ಯೋಜನೆಗಳ ನಡುವೆ ಕಾಲು ಶತಮಾನ ಸಂಸಾರ ತೂಗಿಸಿದ ಆಕೆ, ಹೊಸ ಊರಿಗೆ ವಾಸಕ್ಕೆ ಹೋಗುವ ಮುನ್ನವೇ, 1904ರ ನವೆಂಬರ್‌ನಲ್ಲಿ ತೀರಿಕೊಂಡಳು. ಮರುವರ್ಷ ಹೊವಾರ್ಡ್ ಒಬ್ಬನೇ ಲೆಚ್‌ವರ್ತ್‌ಗೆ ಬಂದ. 1907ರಲ್ಲಿ ಮರುಮದುವೆಯಾದ.

ಎಲ್ಲವೂ ಅಂದುಕೊಂಡಂತೆ ನಡೆಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಬಂಡವಾಳ ಸಾಕಾಗಲಿಲ್ಲ. ಕಂಪನಿಯ ಆಡಳಿತ ಬೇಗನೆ ವ್ಯವಹಾರಸ್ಥರ ಕೈ ಸೇರಿತು. ಹೊವಾರ್ಡ್‌ನ ಮಾತಿಗೆ ಗೌರವವಿತ್ತೇ ಹೊರತು ತೂಕವಿರಲಿಲ್ಲ. ಆಗಾಗ ಪರಿಷ್ಕರಿಸಬಹುದಾದ ನೆಲಬಾಡಿಗೆಗೆ ಕಾರ್ಖಾನೆಯವರು ಒಪ್ಪದಿದ್ದಾಗ 99 ವರ್ಷಗಳ ನಿಗದಿತ ಗುತ್ತಿಗೆಗೆ ಇಳಿಯಬೇಕಾಯಿತು. ಅಂದರೆ ಏರುವ ಬೆಲೆಯನ್ನು ಊರಿಗೆ ತರುವ ಕೊಂಡಿಯೇ ಸಡಿಲವಾಯಿತು. ಷೇರುದಾರರಿಗೆ ಮೊದಲ ಲಾಭಾಂಶ ದೊರೆಯಲು ಹತ್ತು ವರ್ಷ ಬೇಕಾಯಿತು, ಅದೂ ಶೇಕಡ 1 ಮಾತ್ರ. ಇನ್ನೊಂದು ಕೊರತೆ ಇನ್ನೂ ನೋವಿನದು. ಮಾದರಿ ಮನೆಗಳ ಬಾಡಿಗೆ ಕಡಿಮೆ ಕೂಲಿಯ ಕಾರ್ಮಿಕನಿಗೆ ಎಟುಕಲಿಲ್ಲ. ಹಳೆಯ ಸಂತೆಯೂರುಗಳಾದ ಹಿಚಿನ್, ಬಾಲ್ಡಾಕ್‌ಗಳಲ್ಲಿ ಅಗ್ಗದ ಮನೆ ಹಿಡಿದು ದಿನವೂ ಹೊಸ ಊರಿಗೆ ದುಡಿಯಲು ಬರುವವರಿದ್ದರು. ಹೊಸ ಬಡಾವಣೆಯ ಸೊಗಸಿಗೆ ಸುತ್ತಲ ಹಳೆಯ ಊರು ತೆರುವ ಬೆಲೆಯಿದು. ಸೊಪ್ಪು ಚಪ್ಪರಿಸುವವರ, ಸ್ಯಾಂಡಲ್ ಮೆಟ್ಟುವವರ ಊರೆಂದು ಪತ್ರಿಕೆಗಳು ಮಾಡಿದ ಹಾಸ್ಯಕ್ಕಿಂತ ಈ ಸತ್ಯ ಹೆಚ್ಚು ಕಠೋರವಾದುದು.

ಮೊದಲ ಮಹಾಯುದ್ಧ ಮುಗಿದಾಗ ಹೊವಾರ್ಡ್‌ಗೆ 68 ದಾಟಿತ್ತು. ಯುದ್ಧದಿಂದ ಮರಳಿದ ಸೈನಿಕರಿಗೆ ಮನೆ ಕೊಡುವುದಾಗಿ ಸರ್ಕಾರ ಘೋಷಿಸಿತ್ತು. ಇದೇ ಕಾಲವೆಂದು ಆತನ ಕಿರಿಯ ಸಂಗಾತಿಗಳು ಸರ್ಕಾರಕ್ಕೆ ಮನವಿಗಳನ್ನು ಬರೆಯುತ್ತಿದ್ದರು. ಮುದುಕನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಲಂಡನ್ನಿಗೆ ಇನ್ನೂ ಹತ್ತಿರದ ವೆಲಿನ್ ಬಳಿ ಶ್ರೀಮಂತರೊಬ್ಬರ ಭೂಮಿ 1919ರಲ್ಲಿ ಹರಾಜಿಗೆ ಬಂದಾಗ, ಕೈಯಲ್ಲಿ ಮುಂಗಡಕ್ಕೂ ಸಾಲದಷ್ಟು ಹಣವಿದ್ದರೂ ಹೋಗಿ ಕೂಗಿಸಿಬಿಟ್ಟ. ಹಿಂದಿನ ದಿನಗಳಲ್ಲಿ ಗೆಳೆಯರಿಂದ ಕೈಸಾಲ ತಂದಿದ್ದ. ಕಡಿಮೆ ಬಿದ್ದದ್ದನ್ನು ಆತನ ಪರವಾಗಿ ಹರಾಜಿನಲ್ಲಿದ್ದ ಏಜೆಂಟನೇ ತುಂಬಿಕೊಟ್ಟ. ಸುಮಾರು 1,450 ಎಕರೆ ಹೀಗೆ ಆತನ ಹೆಸರಿಗೆ ಬಂತು. ಗೆಳೆಯರು ತಲೆಯ ಮೇಲೆ ಕೈಹೊತ್ತರು, ಆಮೇಲೆ ಹೆಗಲು ಕೊಟ್ಟರು. 1920ರಲ್ಲಿ ಕಂಪನಿ ರಚನೆಯಾಗಿ, ಲೂಯಿ ಡಿ ಸ್ವಾಸಾನ್ ನಕ್ಷೆಯಂತೆ ವೆಲಿನ್ ಗಾರ್ಡನ್ ಸಿಟಿ ಎದ್ದಿತು. ಆತ ಅಲ್ಲಿಗೇ ವಾಸ ಬದಲಿಸಿದ. 1927ರಲ್ಲಿ ಸರ್ ಪದವಿ ಬಂತು. 1928ರ ಮೇ 1ರಂದು ಆ ಊರಿನಲ್ಲೇ ಕೊನೆಯುಸಿರೆಳೆದ. ಎರಡು ಊರುಗಳ ಸಾವಿರಾರು ಎಕರೆಗೆ ಕಾರಣನಾದ ಮನುಷ್ಯ ಆ ಭೂಮಿಯಿಂದ ತನಗಾಗಿ ಸಂಪತ್ತು ಕೂಡಿಡಲಿಲ್ಲ.

ಆತ ತೀರಿಕೊಂಡ ಮೇಲೆ ನಡೆದದ್ದು ಈ ಕಥೆಯ ಮುಖ್ಯ ಭಾಗ. ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಬ್ರಿಟನ್ ಹೊಸ ನಗರಗಳ ಕಾಯ್ದೆಯನ್ನು ತಂದು, ಆತನ ವಿಚಾರವನ್ನು ಸರ್ಕಾರಿ ನೀತಿಯಾಗಿಸಿತು. ಲೆಚ್‌ವರ್ತ್‌ನಲ್ಲಿ ಬೇರೆಯದೇ ನಾಟಕ ನಡೆಯಿತು. ಹಳೆಯ ಕಂಪನಿಯ ಷೇರುಗಳ ಬೆಲೆಗಿಂತ ಅದರ ಕೈಯಲ್ಲಿದ್ದ ಭೂಮಿಯ ಬೆಲೆ ಬಹುಪಾಲು ಹೆಚ್ಚಾಗಿದ್ದುದನ್ನು ಕಂಡ ಹೊರಗಿನ ವ್ಯಾಪಾರಿ ಸಂಸ್ಥೆಯೊಂದು 1960ರ ಸುಮಾರಿಗೆ ಷೇರುಗಳನ್ನು ಕೊಂಡು ಕಂಪನಿಯನ್ನೇ ವಶಪಡಿಸಿಕೊಂಡಿತು. ಹೊವಾರ್ಡ್ ಯಾವುದನ್ನು ತಡೆಯಲು ಊರು ಕಟ್ಟಿದನೋ ಅದೇ ಆ ಊರಿನ ಬಾಗಿಲಿಗೆ ಬಂದು ನಿಂತಿತು. ನಿವಾಸಿಗಳು ಸುಮ್ಮನಿರಲಿಲ್ಲ. ಹೋರಾಡಿ, 1962ರಲ್ಲಿ ಸಂಸತ್ತಿನಿಂದಲೇ ಪ್ರತ್ಯೇಕ ಕಾಯ್ದೆ ಮಾಡಿಸಿ, ಭೂಮಿಯನ್ನು ಸಾರ್ವಜನಿಕ ನಿಗಮಕ್ಕೆ ವಾಪಸು ತಂದರು. 1995ರಲ್ಲಿ ಅದು ಪ್ರತಿಷ್ಠಾನವಾಯಿತು. ಅಂಗಡಿ, ಕಾರ್ಖಾನೆ, ಹೊಲಗಳ ಬಾಡಿಗೆಯಿಂದ ಊರಿನ ಚಿತ್ರಮಂದಿರ, ವಸ್ತುಸಂಗ್ರಹಾಲಯ, ಹಗಲು ಚಿಕಿತ್ಸಾಲಯದಂಥವುಗಳಿಗೆ ಹಣ ಹರಿದಿದೆ. 2011ರ ಜನಗಣತಿಯಲ್ಲಿ ಲೆಚ್‌ವರ್ತ್‌ನ ಜನಸಂಖ್ಯೆ 33 ಸಾವಿರದ ಆಸುಪಾಸು. ಗುಮಾಸ್ತ ಕಾಗದದ ಮೇಲೆ ಬರೆದಿಟ್ಟ 32,000ಕ್ಕೆ ಬಹಳ ದೂರವಲ್ಲ.

ಮತ್ತೆ ಮೋಕದ ರಸ್ತೆಗೆ ಬರೋಣ. ಬಳ್ಳಾರಿಗೆ ಆಂಗ್ಲರ ಊರು ಹೊಸದಲ್ಲ. ಮದರಾಸು ಪ್ರಾಂತ್ಯದ ಪ್ರಮುಖ ದಂಡು ಇಲ್ಲಿತ್ತು. ದಂಡುಪ್ರದೇಶದಲ್ಲಿ ಎಕರೆಗಟ್ಟಲೆ ಆವರಣದ ನಡುವೆ ಬಂಗಲೆಗಳು, ಬೇವಿನ ಸಾಲುಮರಗಳು. ಪಕ್ಕದ ಕೌಲ್‌ಬಜಾರಿನಲ್ಲಿ ಗೋಡೆಗೆ ಗೋಡೆ ಒತ್ತಿದ ಮನೆಗಳು. ಆಳುವವರ ಊರು, ಆಳಿಸಿಕೊಳ್ಳುವವರ ಊರು ಎಂದು ಗೆರೆ ಎಳೆದಂತಿತ್ತು. ಹೊವಾರ್ಡ್ ಕಂಡ ಊರು ಅದಲ್ಲ. ಆದರೆ ನಮ್ಮ ಮಧ್ಯಮವರ್ಗ ಬಯಸಿದ್ದು, ಬಡಾವಣೆಯವರು ಮಾರಿದ್ದು ಆ ಬಂಗಲೆಯ ನೆರಳನ್ನೇ. ಇಂಗ್ಲಿಷ್ ಹೆಸರಿನ ಕಮಾನು ಹುಟ್ಟುವುದು ಅಲ್ಲಿಂದ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಎಕರೆಗೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಅರ್ಧ ಬಿಟ್ಟರೂ 30x40 ಅಳತೆಯ 18 ನಿವೇಶನ ಉಳಿಯುತ್ತವೆ. ರೈತ ಎಕರೆಯ ಲೆಕ್ಕದಲ್ಲಿ ಮಾರುತ್ತಾನೆ, ಗ್ರಾಹಕ ಚದರಡಿಯ ಲೆಕ್ಕದಲ್ಲಿ ಕೊಳ್ಳುತ್ತಾನೆ. ನಡುವಿನ ಅಂತರ ಹುಟ್ಟಿದ್ದು ಎಲ್ಲಿಂದ? ಸಾರ್ವಜನಿಕ ಹಣದ ಹೆದ್ದಾರಿ, ವಿದ್ಯುತ್ ಮಾರ್ಗ, ತುಂಗಭದ್ರೆಯ ನೀರು, ಊರಿನಲ್ಲಿರುವ ಆಸ್ಪತ್ರೆ ಮತ್ತು ಕಾಲೇಜುಗಳು, ಕೊನೆಗೆ ಭೂಪರಿವರ್ತನೆಯ ಒಂದು ಆದೇಶ. ಇವುಗಳಲ್ಲಿ ಯಾವುದನ್ನೂ ಬಡಾವಣೆ ಮಾಡಿದವನು ಸೃಷ್ಟಿಸಿಲ್ಲ. ಆತ ಜಲ್ಲಿ ಹಾಸಿದ್ದಕ್ಕೆ, ಚರಂಡಿ ತೆಗೆದದ್ದಕ್ಕೆ, ಹೊತ್ತ ಅಪಾಯಕ್ಕೆ ಪ್ರತಿಫಲ ನ್ಯಾಯವೇ. ಉಳಿದದ್ದು ಯಾರದು?

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಇಂಥ ಪರಿವರ್ತನೆಯ ಕಡತಗಳು ನನ್ನ ಮೇಜಿಗೂ ಬಂದಿವೆ. ಪಹಣಿ ಸರಿಯಿದೆಯೇ, ಶುಲ್ಕ ಕಟ್ಟಿದ್ದಾರೆಯೇ, ನಕ್ಷೆ ಲಗತ್ತಿಸಿದೆಯೇ ಎಂದು ನೋಡಿ ಸಹಿ ಹಾಕಿದ್ದೇನೆ. ನಿಯಮದಲ್ಲಿ ಲೋಪವಿರಲಿಲ್ಲ. ಆದರೆ ಸಹಿ ಬಿದ್ದ ಮರುಗಳಿಗೆಯಲ್ಲಿ ಆ ಹೊಲದ ಬೆಲೆ ಏಕೆ ಜಿಗಿಯುತ್ತದೆ, ಆ ಜಿಗಿತದಲ್ಲಿ ಗ್ರಾಮ ಪಂಚಾಯಿತಿಗೆ, ಭೂಮಿ ಮಾರಿದ ಒಕ್ಕಲಿಗೆ, ಅದರಲ್ಲೇ ಕೂಲಿ ಮಾಡುತ್ತಿದ್ದವಳಿಗೆ ಪಾಲೇನು ಎಂದು ಅರ್ಥಶಾಸ್ತ್ರ ಓದಿದ ನಾನು ಕಡತದ ಟಿಪ್ಪಣಿಯಲ್ಲಿ ಒಮ್ಮೆಯೂ ಬರೆಯಲಿಲ್ಲ. ಕೇಳುವ ಕಲಂ ನಮೂನೆಯಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ.

ಹೊವಾರ್ಡ್‌ನ ಊರನ್ನು ಹಾಗೆಯೇ ತಂದು ಬಳ್ಳಾರಿಯ ಬಿಸಿಲಿನಲ್ಲಿ ನೆಡಬೇಕೆಂದು ಯಾರೂ ಹೇಳಲಾರರು. ಆರು ಸಾವಿರ ಎಕರೆ ಒಟ್ಟಿಗೆ ಸಿಗುವುದಿಲ್ಲ, ಸಿಗಲೂ ಬಾರದು. ಆದರೆ ಆತನ ಲೆಕ್ಕದ ಕೆಲವು ಅಂಶಗಳನ್ನಾದರೂ ಎತ್ತಿಕೊಳ್ಳಬಹುದು. ಭೂಮಿ ಬಿಟ್ಟುಕೊಟ್ಟ ರೈತನಿಗೆ ಒಮ್ಮೆ ಕೊಡುವ ಹಣದ ಬದಲು ಅಭಿವೃದ್ಧಿಗೊಂಡ ನಿವೇಶನಗಳಲ್ಲೇ ನ್ಯಾಯವಾದ ಪಾಲು ಸಿಗಬೇಕು. ವಾಣಿಜ್ಯದ ಜಾಗಗಳನ್ನು ಪೂರ್ತಿ ಮಾರಿಬಿಡದೆ ಗುತ್ತಿಗೆಗೆ ಕೊಟ್ಟು, ಬಾಡಿಗೆ ಆ ಬಡಾವಣೆಯ ನೀರು, ಶಾಲೆ, ಉದ್ಯಾನಕ್ಕೇ ಮೀಸಲಾಗಬೇಕು. ಊರಿನ ಸುತ್ತ ಇಷ್ಟು ಎರೆಭೂಮಿ ಹೊಲವಾಗಿಯೇ ಉಳಿಯಬೇಕೆಂಬ ಗೆರೆಯನ್ನು ಎಳೆದು, ಎಳೆದ ಮೇಲೆ ಅಳಿಸದಿರಬೇಕು. ಇವಾವುವೂ ಕ್ರಾಂತಿಯ ಮಾತುಗಳಲ್ಲ. ಷೇರುದಾರರಿಗೆ ಶೇಕಡ 5 ಕೊಡಲು ಒಪ್ಪಿದ ಒಬ್ಬ ಸೌಮ್ಯ ಗುಮಾಸ್ತನ ಮಾತುಗಳು.

ಮೋಕದ ದಾರಿಯ ಆ ಕಮಾನಿನ ಒಳಗೆ ಕಳೆದ ವರ್ಷ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದುದನ್ನು ಕಂಡೆ. ಅದು ಮೊದಲು ಆತನದೇ ಹೊಲ. ಮಾರಿದ ದುಡ್ಡು ಮಗಳ ಮದುವೆಗೆ, ಮಗನ ಆಟೋಗೆ, ಹಳೆಯ ಸಾಲಕ್ಕೆ ಆಗಿಹೋಯಿತಂತೆ. ಗಡಿಕಲ್ಲುಗಳ ನಡುವೆ ಹುಲ್ಲು ಚೆನ್ನಾಗಿ ಬೆಳೆದಿದೆ, ಮನೆಗಳು ಏಳುವವರೆಗೆ ಕುರಿಗಳಿಗೆ ಚಿಂತೆಯಿಲ್ಲ ಎಂದ. ಕಮಾನಿನ ಮೇಲೆ ಏನು ಬರೆದಿದೆಯೆಂದು ನನ್ನನ್ನೇ ಕೇಳಿದ. ತೋಟದ ಊರು ಎಂದು ಬರೆದಿದ್ದಾರೆ ಎಂದೆ. ಆತ ಸುತ್ತ ಒಮ್ಮೆ ನೋಡಿ, ಕುರಿಗಳನ್ನು ಮುಂದಕ್ಕೆ ಹೊಡೆದುಕೊಂಡು ಹೋದ.